ಕಿತ್ತ ಚರ್ಮ ಬದುಕುವುದು ಹೇಗೆ?

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ಮೂಗು ತಿದ್ದಿಸಿಕೊಂಡ ಚಿತ್ರನಟಿ. ಇನ್ನೊಂದು, ಕೊಡ ಬಕೆಟ್ಟು ಮಾಡುವ ಪ್ಲಾಸ್ಟಿಕ್ಕನ್ನು ಮುಖಕ್ಕೆ ಅಂಟಿಸುವ ಯಾವುದೋ ವಿದ್ಯೆ. ಎರಡನೆಯದು ಪೂರ್ತಿ ತಪ್ಪು. ಮೊದಲನೆಯದು ಈ ಶಾಸ್ತ್ರದ ಒಂದು ಸಣ್ಣ ಪಾಲು ಮಾತ್ರ. ಗ್ರೀಕ್ ಭಾಷೆಯಲ್ಲಿ ‘ಪ್ಲಾಸ್ಟಿಕೋಸ್’ ಎಂದರೆ ತಿದ್ದಿ ಆಕಾರ ಕೊಡುವುದಕ್ಕೆ ಸಂಬಂಧಿಸಿದ್ದು ಎಂದರ್ಥ. ಕುಂಬಾರ ಮಣ್ಣಿಗೆ ಮಾಡುತ್ತಾನಲ್ಲ, ಆ ಕೆಲಸ. ಜರ್ಮನಿಯ ಎಡ್ವರ್ಡ್ ತ್ಸೈಸ್ 1838ರಲ್ಲಿ ಈ ಹೆಸರಿಟ್ಟೇ ಒಂದು ಕೈಪಿಡಿ ಪ್ರಕಟಿಸಿದ. ನಾವಿಂದು ಪ್ಲಾಸ್ಟಿಕ್ ಎನ್ನುವ ಕೃತಕ ವಸ್ತು ಆಗ ಹುಟ್ಟಿಯೇ ಇರಲಿಲ್ಲ.

ಈ ಚಿಕಿತ್ಸೆ ನಿಜವಾಗಿ ಯಾರಿಗೆ ಬೇಕು? ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳನ್ನೇ ನೆನೆಯಿರಿ. ರೊಟ್ಟಿ ಬಡಿಯುವಾಗ ಸೆರಗಿಗೆ ಬೆಂಕಿ ತಗುಲಿದ ಹೆಣ್ಣುಮಗಳು, ಹಂಡೆಯ ಬಿಸಿನೀರು ಮೈಮೇಲೆ ಸುರಿದುಕೊಂಡ ಕೂಸು, ಗೋವಿನಜೋಳ ಒಕ್ಕುವ ಯಂತ್ರಕ್ಕೋ ಮೇವು ಕತ್ತರಿಸುವ ಯಂತ್ರಕ್ಕೋ ಕೈ ಕೊಟ್ಟವನು, ದೀಪಾವಳಿಯ ಮೇಲೆ ನಡೆಯುವ ಹೋರಿ ಹಬ್ಬದಲ್ಲಿ ಕೋಡಿನ ಏಟು ತಿಂದ ಹುಡುಗ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಎಲುಬು ಬಯಲಾದವನು, ಹಾವಿನ ವಿಷದಿಂದ ಪಾದದ ಚರ್ಮ ಕೊಳೆತ ರೈತ, ಸೀಳುತುಟಿಯೊಂದಿಗೆ ಹುಟ್ಟಿದ ಮಗು. ಇವರಿಗೆ ಅಂದವೆಂಬುದು ಆಮೇಲಿನ ಮಾತು. ಕತ್ತು ಮೇಲೆತ್ತಬೇಕು, ಬೆರಳು ಬಿಚ್ಚಬೇಕು, ಉಂಡದ್ದು ಮೂಗಿನಿಂದ ಹೊರಬರಬಾರದು. ಕಳೆದುಹೋದುದನ್ನು ಮತ್ತೆ ಕಟ್ಟುವ ಈ ಶಾಖೆಗೆ ಪುನಾರಚನಾ ಶಸ್ತ್ರಚಿಕಿತ್ಸೆ ಎಂದು ಹೆಸರು.

ನಾನು ಭೌತಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಆದರೂ ಈ ವಿಷಯ ನನ್ನನ್ನು ಸೆಳೆಯಲು ಕಾರಣವಿದೆ. ಇಲ್ಲಿನ ತಂತ್ರಗಳ ಹೆಸರುಗಳು ನೂರಾರು. ಅವೆಲ್ಲದರ ಹಿಂದೆ ನಿಂತಿರುವ ಪ್ರಶ್ನೆಗಳು ಎರಡೇ. ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿದ ಚರ್ಮಕ್ಕೆ ಆಮ್ಲಜನಕ ಮುಟ್ಟುವುದು ಹೇಗೆ? ಹೊಲಿದ ಮೇಲೆ ಅದು ಎಷ್ಟು ಎಳೆತವನ್ನು ತಾಳೀತು? ಎರಡೂ ನಮ್ಮ ಪಿಯುಸಿ ಪಠ್ಯದೊಳಗಿನ ಪ್ರಶ್ನೆಗಳು.

ಮಾವಿನ ತೋಟದ ಪಾಠ

ಚರ್ಮ ಕಸಿ ಎಂಬ ಮಾತಿನ ‘ಕಸಿ’ ತೋಟದಿಂದ ಬಂದದ್ದು. ಹಾನಗಲ್ ಕಡೆಯ ಮಾವಿನ ಬೆಳೆಗಾರರಿಗೆ ಕಸಿಯ ಎರಡು ದಾರಿಗಳು ಗೊತ್ತು. ಒಳ್ಳೆಯ ಜಾತಿಯ ಮರದಿಂದ ಕಡ್ಡಿಯನ್ನು ಪೂರ್ತಿ ಕತ್ತರಿಸಿ ತಂದು ನಾಟಿ ಸಸಿಯ ಸೀಳಿನಲ್ಲಿ ಕೂರಿಸಿ ಕಟ್ಟುವುದು ಒಂದು. ಸಸಿಯ ಬೇರಿನ ನೀರು ಸಿಗುವ ತನಕ ಆ ಕಡ್ಡಿ ತನ್ನಲ್ಲಿದ್ದ ತೇವದಲ್ಲೇ ಜೀವ ಹಿಡಿದಿರಬೇಕು. ಇನ್ನೊಂದು ಹಳೆಯ ದಾರಿ: ಸಸಿಯ ಕುಂಡವನ್ನೇ ತಾಯಿಮರದ ಬಳಿಗೆ ಒಯ್ದು, ಮರದ ಕೊಂಬೆಯನ್ನು ಕತ್ತರಿಸದೆ, ಎರಡರ ತೊಗಟೆಯನ್ನೂ ಕೆತ್ತಿ ಮುಖಾಮುಖಿ ಬಿಗಿಯುವುದು. ಎರಡೂ ಬೆಸೆದುಕೊಂಡ ಮೇಲೆಯೇ ತಾಯಿಮರದ ಕಡೆ ಕತ್ತರಿ ಹಾಕುತ್ತಾರೆ.

ಚರ್ಮದಲ್ಲೂ ಹೀಗೆಯೇ. ಪೂರ್ತಿ ಬಿಡಿಸಿ ತಂದ ಚರ್ಮಕ್ಕೆ ಶಸ್ತ್ರವೈದ್ಯರು ಗ್ರಾಫ್ಟ್ ಎನ್ನುತ್ತಾರೆ. ನಾವು ಬಿಡಿ ಕಸಿ ಎನ್ನೋಣ. ಒಂದು ಕಡೆ ತೊಟ್ಟು ಉಳಿಸಿಕೊಂಡು, ಅದರೊಳಗಿನ ರಕ್ತನಾಳದ ಸಮೇತ ತಿರುಗಿಸಿ ಕೂರಿಸಿದ್ದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಅದು ತೊಟ್ಟಿನ ಕಸಿ. ಇತಿಹಾಸದಲ್ಲಿ ಮೊದಲು ಬಂದದ್ದು ತೊಟ್ಟಿನ ಕಸಿ. ಅದು ಜಗತ್ತಿಗೆ ಹಬ್ಬಿದ ಕಥೆಗೆ ಕರ್ನಾಟಕದ ನಂಟಿದೆ.

ಕಾವಸ್ಜಿಯ ಮೂಗು

ಟಿಪ್ಪು ಸುಲ್ತಾನ್ 1786ರಲ್ಲಿ ಸವಣೂರನ್ನು ಹಿಡಿದುಕೊಂಡ. ಅದಾಗಿ ನಾಲ್ಕು ವರ್ಷಕ್ಕೆ ಮೂರನೆಯ ಮೈಸೂರು ಯುದ್ಧ ಆರಂಭವಾಯಿತು. ಮರಾಠರ ಸೇನೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ವಶಪಡಿಸಿಕೊಂಡಿತು. ಆ ಕಾಲದ ಯುದ್ಧವೆಂದರೆ ಅರ್ಧ ಎತ್ತುಗಳದೇ ಯುದ್ಧ. ದವಸ, ಮದ್ದು, ತೋಪು ಎಲ್ಲ ಸಾಗಬೇಕಾದದ್ದು ಎತ್ತಿನ ಮೇಲೆ, ಗಾಡಿಯ ಮೇಲೆ. ಶತ್ರುವಿನ ಎತ್ತು ಹೊಡೆಯುವವರನ್ನು ಹಿಡಿದರೆ ಸೇನೆಯ ಹೊಟ್ಟೆಯನ್ನೇ ಹಿಡಿದಂತೆ.

ಹೀಗೆ ಸೆರೆ ಸಿಕ್ಕವರಲ್ಲಿ ಒಬ್ಬ ಕಾವಸ್ಜಿ. ಒಕ್ಕಲು ಮನೆತನದ ಈ ಮರಾಠಿಗ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಬಿದ್ದು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಸೇರಿಕೊಂಡ. ನಮ್ಮಲ್ಲಿ ಮೂಗು ಹೋಗುವುದೆಂದರೆ ಮಾನ ಹೋದಂತೆಯೇ. ಶೂರ್ಪನಖಿಯ ಕಾಲದಿಂದಲೂ ಅದು ಬರಿಯ ಗಾಯವಲ್ಲ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ಹೊಸ ಮೂಗು ಕೂರಿಸಿದ. ತಲೆಮಾರಿನಿಂದ ಬಂದ ವಿದ್ಯೆ. ವೈದ್ಯಕೀಯ ಕಾಲೇಜಿನ ಮಾತೇ ಇಲ್ಲ. ಈ ಬಗೆಯ ಚಿಕಿತ್ಸೆಯನ್ನು ಮುಂಬಯಿಯ ಇಂಗ್ಲಿಷ್ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಕಣ್ಣಾರೆ ಕಂಡಿದ್ದರು. ಕಾವಸ್ಜಿಯ ಚಿತ್ರದೊಂದಿಗೆ ಇದರ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಅಚ್ಚಾಯಿತು.

ವಿಧಾನ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯಿಂದ ಮೊಂಡು ಮೂಗಿನ ಮೇಲೆ ಚೆಂದದ ಮೂಗೊಂದನ್ನು ಮಾಡುವುದು. ಅದನ್ನು ಬಿಡಿಸಿ ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಮೂರು ಆಯಾಮದ ಆಕಾರವನ್ನು ಎರಡು ಆಯಾಮಕ್ಕೆ ಇಳಿಸುವ ಕೆಲಸವಿದು. ನಕಾಶೆ ಬರೆಯುವವರ ಸಮಸ್ಯೆಯೇ. ಗೆರೆಯೊಳಗಿನ ಚರ್ಮವನ್ನು ಹಣೆಯಿಂದ ಬಿಡಿಸುವಾಗ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುತ್ತಿದ್ದರು. ಇದೇ ತೊಟ್ಟು. ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಹೊಸದಾಗಿ ಕೆತ್ತಿದ ಮೂಗಿನ ಅಂಚಿನ ಸೀಳಿಗೆ ಸೇರಿಸುತ್ತಿದ್ದರು. ಹೊಲಿಗೆ ಇಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಚೂರುಗಳಿಗೆ ಬಳಿದು ಐದಾರು ಪದರ ಅಂಟಿಸುತ್ತಿದ್ದರು. ನಾಲ್ಕು ದಿನದ ನಂತರ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಒಳಗೆ ಮೆತ್ತನೆಯ ಬಟ್ಟೆ. ಸುಮಾರು 25ನೆಯ ದಿನಕ್ಕೆ ಹುಬ್ಬಿನ ನಡುವಿನ ತೊಟ್ಟನ್ನು ಕತ್ತರಿಸುತ್ತಿದ್ದರು.

ಆ 25 ದಿನಗಳಲ್ಲೇ ಗುಟ್ಟಿದೆ. ಹುಬ್ಬಿನ ಒಳತುದಿಯಿಂದ ಹಣೆಗೆ ಏರುವ ಪುಟ್ಟ ಅಪಧಮನಿ ತೊಟ್ಟಿನ ಮೂಲಕ ಹೊಸ ಮೂಗಿಗೆ ರಕ್ತ ಕಳಿಸುತ್ತಿರುತ್ತದೆ. ಅಷ್ಟರಲ್ಲಿ ಕೆನ್ನೆ ಮತ್ತು ತುಟಿಯ ಕಡೆಯಿಂದ ಹೊಸ ಲೋಮನಾಳಗಳು ಅಂಚನ್ನು ದಾಟಿ ಒಳಗೆ ಬೆಳೆದಿರುತ್ತವೆ. ಆಮೇಲೆ ತೊಟ್ಟು ಕತ್ತರಿಸಿದರೂ ಮೂಗು ಕಪ್ಪಾಗುವುದಿಲ್ಲ. ಇಂದಿನ ಶಸ್ತ್ರವೈದ್ಯರೂ ಹಣೆಯ ಚರ್ಮದಿಂದ ಮೂಗು ಕಟ್ಟುವಾಗ ತೊಟ್ಟು ಕತ್ತರಿಸಲು ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ.

ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟಲು ಕೆನ್ನೆಯ ಚರ್ಮ ಬಳಸುವ ವಿಧಾನವಿದೆ. ಅಳತೆಗೆ ಅಲ್ಲಿ ಮೇಣದ ಬದಲು ಎಲೆ. ಹಣೆಯ ಚರ್ಮದ ವಿಧಾನ ಮುಂದೆ ಕುಲವೃತ್ತಿಯವರ ಕೈಯಲ್ಲಿ ಬೆಳೆದದ್ದು. ಎರಡನ್ನೂ ಒಂದೇ ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಬೇರೆ ಬೇರೆ ಎಂದು ತಿಳಿದರೆ ಎರಡರ ಗೌರವಕ್ಕೂ ಕುಂದಿಲ್ಲ. ಪತ್ರಿಕೆಯ ವರದಿ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದನ್ನು ಮಾಡಿ 1816ರಲ್ಲಿ ಪುಸ್ತಕ ಪ್ರಕಟಿಸಿದ. ಅಲ್ಲಿಂದ ಯುರೋಪಿನಲ್ಲಿ ಈ ಶಾಸ್ತ್ರ ಮರುಹುಟ್ಟು ಪಡೆಯಿತು.

ಬಿಡಿ ಕಸಿ: ವಿಸರಣೆಯ ಲೆಕ್ಕ

ಈಗ ಕಷ್ಟದ ಪ್ರಶ್ನೆ. ತೊಟ್ಟೇ ಇಲ್ಲದ ಚರ್ಮ ಬದುಕುವುದು ಹೇಗೆ? ರಕ್ತ ಹರಿಯದಿದ್ದರೆ ಆಮ್ಲಜನಕ ಬರಬೇಕಾದದ್ದು ವಿಸರಣೆಯಿಂದ. ಶಾಯಿಯ ಹನಿ ನಿಂತ ನೀರಿನಲ್ಲಿ ಹರಡುತ್ತದಲ್ಲ, ಅದೇ ಕ್ರಿಯೆ. ಇದಕ್ಕೆ ಬೇಕಾಗುವ ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಊತಕದಲ್ಲಿ ಆಮ್ಲಜನಕದ ವಿಸರಣಾಂಕ ಸೆಕೆಂಡಿಗೆ ಸುಮಾರು 2×10⁻⁹ ಚದರ ಮೀಟರ್. ದೂರದ ವರ್ಗವನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ನೋಡಿ. 0.1 ಮಿ.ಮೀ. ದಾಟಲು ಸುಮಾರು 2.5 ಸೆಕೆಂಡು ಸಾಕು. 1 ಮಿ.ಮೀ.ಗೆ 250 ಸೆಕೆಂಡು. 1 ಸೆಂ.ಮೀ.ಗೆ ಹೆಚ್ಚುಕಡಿಮೆ ಏಳು ಗಂಟೆ! ದಾರಿಯಲ್ಲಿ ಸಿಗುವ ಪ್ರತಿ ಜೀವಕೋಶವೂ ತನ್ನ ಪಾಲನ್ನು ಬಳಸಿಕೊಳ್ಳುವುದರಿಂದ ಆಮ್ಲಜನಕ ನಿಜವಾಗಿ ತಲುಪುವುದು 0.1ರಿಂದ 0.2 ಮಿ.ಮೀ. ಅಷ್ಟೆ. ನಮ್ಮ ದೇಹದಲ್ಲಿ ಬಹುತೇಕ ಜೀವಕೋಶಗಳು ಯಾವುದಾದರೂ ಲೋಮನಾಳದಿಂದ ಅಷ್ಟರೊಳಗೇ ಇರುವುದಕ್ಕೆ ಇದೇ ಕಾರಣ.

ಹಾಗಾದರೆ ಕಸಿ ತೆಳುವಾಗಿರಬೇಕು. ತೊಡೆಯಿಂದ ಬಿಡಿಸುವ ಸಾಮಾನ್ಯ ಕಸಿಯ ದಪ್ಪ 0.2ರಿಂದ 0.4 ಮಿ.ಮೀ.; ನಾಲ್ಕೈದು ಹಾಳೆ ಕಾಗದದಷ್ಟು. ಮೊದಲ ಎರಡು ದಿನ ಅದು ಗಾಯದ ತಳದಿಂದ ಒಸರುವ ದ್ರವವನ್ನು ಸ್ಪಂಜಿನಂತೆ ಹೀರಿ ಬದುಕುತ್ತದೆ. ಎರಡು ಮೂರನೆಯ ದಿನಕ್ಕೆ ತಳದ ಲೋಮನಾಳಗಳ ಬಾಯಿ ಕಸಿಯ ನಾಳಗಳ ಬಾಯಿಗೆ ಕೂಡಿಕೊಳ್ಳತೊಡಗುತ್ತದೆ. ಐದರಿಂದ ಏಳನೆಯ ದಿನದ ಹೊತ್ತಿಗೆ ರಕ್ತದ ಓಡಾಟ ನೆಲೆಗೊಂಡು ಬಿಳಿಚಿದ್ದ ಚರ್ಮ ನಸುಗೆಂಪಾಗುತ್ತದೆ. ಆಗ ‘ಕಸಿ ಹಿಡಿಯಿತು’ ಎನ್ನುತ್ತಾರೆ.

ಈಗ ವಾರ್ಡಿನ ಎಷ್ಟೋ ನಿಯಮಗಳ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಸಿಯ ಕೆಳಗೆ 1 ಮಿ.ಮೀ. ರಕ್ತ ಹೆಪ್ಪುಗಟ್ಟಿದರೂ ಆಮ್ಲಜನಕದ ದಾರಿ ಹತ್ತು ಪಟ್ಟು, ಕಾಲ ನೂರು ಪಟ್ಟು ಹೆಚ್ಚುತ್ತದೆ. ಅಷ್ಟಗಲ ಕಸಿ ಸಾಯುತ್ತದೆ. ಅದಕ್ಕೇ ಮೇಲೆ ಹತ್ತಿಯ ಉಂಡೆಯಿಟ್ಟು ಬಿಗಿಯಾಗಿ ಕಟ್ಟುವುದು. ಕಸಿ ಒಂದಿಷ್ಟು ಜಾರಿದರೂ ಆಗತಾನೇ ಕೂಡಿದ ಲೋಮನಾಳಗಳು ಹರಿಯುತ್ತವೆ. ಅದಕ್ಕೇ ಪಟ್ಟಿ ಬಿಚ್ಚಿ ನೋಡುವ ಆತುರ ಬೇಡವೆನ್ನುವುದು. ಬರಿಯ ಎಲುಬಿನ ಮೇಲೆ, ಹೊದಿಕೆ ಹೋದ ಸ್ನಾಯುರಜ್ಜುವಿನ ಮೇಲೆ ಕಸಿ ಹಿಡಿಯುವುದಿಲ್ಲ. ಅಲ್ಲಿ ಲೋಮನಾಳಗಳೇ ಇಲ್ಲ.

ಸುಟ್ಟ ಜಾಗ ದೊಡ್ಡದಾಗಿದ್ದು ಒಳ್ಳೆಯ ಚರ್ಮ ಕಡಿಮೆ ಇದ್ದರೆ? ಕಸಿಯನ್ನು ಒಂದು ಯಂತ್ರದಲ್ಲಿ ಹಾಯಿಸಿ ಸಾಲುಸಾಲಾಗಿ ಸೀಳು ಹಾಕುತ್ತಾರೆ. ಹಬ್ಬಕ್ಕೆ ಬಣ್ಣದ ಕಾಗದ ಕತ್ತರಿಸಿ ಎಳೆದಾಗ ಜಾಲರಿಯಾಗುತ್ತದಲ್ಲ, ಹಾಗೆ ಅದು ಒಂದೂವರೆ ಪಟ್ಟು, ಮೂರು ಪಟ್ಟು ಹಿಗ್ಗುತ್ತದೆ. ಕಣ್ಣುಗಳ ಮೂಲಕ ಒಸರು ಹೊರಹೋಗುವುದು ಇನ್ನೊಂದು ಲಾಭ. ತೊಡೆಯಲ್ಲಿ ಚರ್ಮ ತೆಗೆದ ಜಾಗಕ್ಕೆ ಏನೂ ಕೂರಿಸಬೇಕಾಗಿಲ್ಲ. ಕೂದಲಿನ ಬುಡ, ಬೆವರಿನ ಗ್ರಂಥಿಗಳಲ್ಲಿ ಉಳಿದ ಜೀವಕೋಶಗಳು ಹರಡಿ ಎರಡು ವಾರದೊಳಗೆ ಅದನ್ನು ಮುಚ್ಚುತ್ತವೆ.

ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವರಿಗೆ ಇಷ್ಟೂ ಸಾಲದು. ಆಗ ನೆರವಾಗುವುದು ಚರ್ಮ ಬ್ಯಾಂಕು. ಮರಣಾನಂತರ ಸುಮಾರು ಆರು ಗಂಟೆಯೊಳಗೆ ತೆಗೆದ ತೆಳು ಚರ್ಮವನ್ನು ಗ್ಲಿಸರಾಲಿನಲ್ಲಿಟ್ಟು ತಂಪಿನಲ್ಲಿ ವರ್ಷಗಟ್ಟಲೆ ಕಾಯ್ದಿಡಬಹುದು. ರಕ್ತದ ಗುಂಪು ಹೊಂದಬೇಕಾಗಿಲ್ಲ. ಈ ಚರ್ಮ ಶಾಶ್ವತವಲ್ಲ, ಕೆಲವು ವಾರಗಳಲ್ಲಿ ಕಳಚಿಕೊಳ್ಳುತ್ತದೆ. ಆದರೆ ಅಷ್ಟು ದಿನ ನೀರು, ಉಪ್ಪು ಸೋರದಂತೆ ತಡೆದು ರೋಗಿಯ ಜೀವ ಹಿಡಿದಿರುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಇಂಥ ಬ್ಯಾಂಕು ಆರಂಭವಾಯಿತು. ಕಣ್ಣು ದಾನ ಬಲ್ಲ ನಮ್ಮ ಹಳ್ಳಿಗಳಿಗೆ ಚರ್ಮದಾನದ ಸುದ್ದಿ ಇನ್ನೂ ಸರಿಯಾಗಿ ಮುಟ್ಟಿಲ್ಲ.

ಕತ್ತು ಎದೆಗೆ ಅಂಟುವುದು

ಸುಟ್ಟ ಗಾಯ ತಾನಾಗಿ ಮಾಯ್ದರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಮೇಲ್ಪದರ ಮಾತ್ರ ಸುಟ್ಟಿದ್ದರೆ ನಿಜ. ಮೂರು ವಾರವಾದರೂ ಮುಚ್ಚದಿದ್ದರೆ ಅಪಾಯವಿದೆ. ಆಳವಾದ ಗಾಯದ ತಳದಲ್ಲಿ ಸ್ನಾಯುವಿನಂತೆ ಕುಗ್ಗಬಲ್ಲ ವಿಶೇಷ ಜೀವಕೋಶಗಳು ಹುಟ್ಟುತ್ತವೆ. ಅಂಚುಗಳನ್ನು ಒಳಕ್ಕೆ ಎಳೆದು ಗಾಯವನ್ನು ಕಿರಿದು ಮಾಡುವುದು ಅವುಗಳ ಕೆಲಸ. ಬೆನ್ನಿನ ಮೇಲೆ ಇದರಿಂದ ಕೇಡಿಲ್ಲ. ಕತ್ತಿನ ಮುಂಭಾಗ, ಕಂಕುಳು, ಮೊಣಕೈ, ಬೆರಳ ಸಂದುಗಳಲ್ಲಿ ಮಾತ್ರ ಇದೇ ಎಳೆತ ಗದ್ದವನ್ನು ಎದೆಗೆ, ತೋಳನ್ನು ಪಕ್ಕೆಗೆ, ಬೆರಳನ್ನು ಅಂಗೈಗೆ ಬಿಗಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ಇನ್ನೂ ಕಷ್ಟ: ಎಲುಬು ಬೆಳೆಯುತ್ತದೆ, ಗಾಯದ ಕಲೆ ಬೆಳೆಯುವುದಿಲ್ಲ. ಈ ಬಿಗಿತವನ್ನು ಹಣೆಬರಹವೆಂದು ಒಪ್ಪಿಕೊಂಡು ಬಾಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಂಥವರಿಗೆ ಶಸ್ತ್ರಚಿಕಿತ್ಸೆ ಸಿಗದೆ ಹೋದದ್ದಕ್ಕಿಂತ ಮೊದಲ ಮೂರು ವಾರ ಕೈತಪ್ಪಿದ್ದೇ ದೊಡ್ಡ ನಷ್ಟ. ಆಳದ ಗಾಯಕ್ಕೆ ಬೇಗ ಕಸಿ ಮಾಡಿ, ಕೀಲನ್ನು ನೆಟ್ಟಗೆ ಪಟ್ಟಿ ಕಟ್ಟಿ ಇರಿಸಿ, ಮುಂದೆ ತಿಂಗಳುಗಟ್ಟಲೆ ಬಿಗಿ ಉಡುಪು ತೊಡಿಸಿದರೆ ಇದರ ಬಹುಪಾಲನ್ನು ತಡೆಯಬಹುದು.

ಬಿಗಿ ಉಡುಪು ಚರ್ಮದ ಮೇಲೆ ಹಾಕಬೇಕಾದ ಒತ್ತಡ ಸುಮಾರು 25 ಮಿ.ಮೀ. ಪಾದರಸದಷ್ಟು, ಲೋಮನಾಳದೊಳಗಿನ ಒತ್ತಡಕ್ಕೆ ಹತ್ತಿರ. ಲಾಪ್ಲಾಸ್ ನಿಯಮ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯ: ಬಟ್ಟೆಯ ಎಳೆತ ಒಂದೇ ಇದ್ದರೂ ಒತ್ತಡ ವಕ್ರತೆಯ ತ್ರಿಜ್ಯಕ್ಕೆ ವಿಲೋಮವಾಗಿ ಬದಲಾಗುತ್ತದೆ. ಮಣಿಕಟ್ಟಿನ ಮೇಲೆ ಹೆಚ್ಚು, ತೊಡೆಯ ಮೇಲೆ ಕಡಿಮೆ, ಕತ್ತಿನ ಬುಡದ ಗುಳಿಯಲ್ಲಿ ಸೊನ್ನೆ. ಅದಕ್ಕೇ ಗುಳಿಗಳಲ್ಲಿ ಸ್ಪಂಜು ತುಂಬುತ್ತಾರೆ.

ಬಿಗಿತ ಬಂದೇ ಬಿಟ್ಟಿದ್ದರೆ ಬಿಡಿಸುವ ಒಂದು ಸೊಗಸಾದ ಉಪಾಯವೆಂದರೆ ಝಡ್ ಆಕಾರದ ಕೊಯ್ತ. ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ಬಿಗಿದ ಗೆರೆಯ ಉದ್ದಕ್ಕೆ ಒಂದು ಕೊಯ್ತ. ಅದರ ಎರಡು ತುದಿಗಳಿಂದ ವಿರುದ್ಧ ದಿಕ್ಕಿಗೆ, 60 ಡಿಗ್ರಿ ಕೋನದಲ್ಲಿ ಅಷ್ಟೇ ಉದ್ದದ ಇನ್ನೆರಡು. ಎರಡು ಸಮಬಾಹು ತ್ರಿಕೋನಗಳು ದೊರೆತವು. ಅವನ್ನು ಎತ್ತಿ ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ ಹೊಲಿದುಬಿಡುವುದು. ಎರಡು ತ್ರಿಕೋನ ಸೇರಿದರೆ ಒಂದು ವಜ್ರಾಕೃತಿ. ಅದರ ಕಿರಿಯ ಕರ್ಣ, ಅಂದರೆ ಮೊದಲಿನ ಬಿಗಿದ ಗೆರೆ, 1 ಆದರೆ ಹಿರಿಯ ಕರ್ಣ 3ರ ವರ್ಗಮೂಲ, ಅಂದರೆ 1.73. ತ್ರಿಕೋನಗಳು ಜಾಗ ಬದಲಿಸಿದಾಗ ಈ ಎರಡು ಕರ್ಣಗಳು ಅದಲುಬದಲಾಗುತ್ತವೆ. ಹೊಸ ಚರ್ಮ ತರದೆಯೇ ಉದ್ದ ಶೇ. 73ರಷ್ಟು ಹೆಚ್ಚಿತು! ಬಿಟ್ಟಿಯಾಗಿ ಅಲ್ಲ, ಅಷ್ಟನ್ನು ಅಗಲದಿಂದ ಕಡ ಪಡೆದದ್ದು. ಬೇರೆ ಕೋನಗಳಿಗೆ ಹೊಸ ಉದ್ದ √(5 − 4cosθ) ಎಂದು ನಿರ್ದೇಶಾಂಕಗಳಿಂದ ಸಾಧಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. 30 ಡಿಗ್ರಿಗೆ ಶೇ. 24, 45ಕ್ಕೆ ಶೇ. 47 ಹೆಚ್ಚಳ ಬರುತ್ತದೆ. ಸೂತ್ರದ ಪ್ರಕಾರ 90 ಡಿಗ್ರಿಗೆ ಇನ್ನೂ ಹೆಚ್ಚು, ಶೇ. 124. ಆದರೆ ಅಷ್ಟಗಲದ ತ್ರಿಕೋನಗಳನ್ನು ತಿರುಗಿಸಿ ಕೂರಿಸಲು ಚರ್ಮ ಒಪ್ಪುವುದಿಲ್ಲ. ಸೂತ್ರಕ್ಕೂ ದೇಹಕ್ಕೂ ನಡುವಿನ ರಾಜಿಯೇ ಆ 60 ಡಿಗ್ರಿ.

ಸುಟ್ಟ ಕ್ಷಣದಲ್ಲಿ ಮಾಡಬೇಕಾದದ್ದನ್ನೂ ಭೌತಶಾಸ್ತ್ರವೇ ಹೇಳುತ್ತದೆ. 60 ಡಿಗ್ರಿ ಸೆಲ್ಸಿಯಸ್ ನೀರು ಆಳದ ಗಾಯ ಮಾಡಲು ಸುಮಾರು 5 ಸೆಕೆಂಡು ಸಾಕು. 70 ಡಿಗ್ರಿಗೆ ಒಂದೇ ಸೆಕೆಂಡು. ಬೆಂಕಿಯಿಂದ ದೂರ ಸರಿದ ಮೇಲೂ ಮೇಲ್ಪದರದ ಶಾಖ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಗೆಳೆಯಲು ಹರಿಯುವ ತಣ್ಣೀರಿಗಿಂತ ಮದ್ದಿಲ್ಲ; 20 ನಿಮಿಷ. ಮಂಜುಗಡ್ಡೆ ಬೇಡ, ಅದು ರಕ್ತನಾಳವನ್ನು ಕುಗ್ಗಿಸುತ್ತದೆ. ಟೂತ್‌ಪೇಸ್ಟು, ಶಾಯಿ, ಅರಿಶಿನ ಯಾವುದೂ ಬೇಡ. ದೊಡ್ಡ ಗಾಯವಾದರೆ ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು.

ಒಂದು ಮಿಲಿಮೀಟರಿನ ಕೊಳವೆ

ಎಲುಬು ಬಯಲಾದ ಕಡೆ ತೊಟ್ಟಿನ ಕಸಿಯೇ ಬೇಕು. ಮೇಯುವ ದನದ ಹಗ್ಗದಂತೆ ತೊಟ್ಟಿನ ಉದ್ದವೇ ಅದರ ಎಲ್ಲೆ. ಕೈಯ ಗಾಯಕ್ಕೆ ತೊಡೆಸಂದಿನ ಚರ್ಮ ಬಳಸುವಾಗ ಕೈಯನ್ನೇ ಅಲ್ಲಿಗೆ ಹೊಲಿದು ಮೂರು ವಾರ ಕಾಯುತ್ತಾರೆ. ಮಾವಿನ ಕುಂಡವನ್ನು ಮರದ ಬಳಿಗೆ ಒಯ್ದಂತೆ. ಈ ಹಗ್ಗ ಬಿಚ್ಚಿದ್ದು ಸೂಕ್ಷ್ಮದರ್ಶಕ. 1960ರಲ್ಲಿ ಅಮೆರಿಕದ ಜೂಲಿಯಸ್ ಜೇಕಬ್ಸನ್ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ರಕ್ತನಾಳಗಳನ್ನು ಹೊಲಿದು ತೋರಿಸಿದ. 1973ರ ಹೊತ್ತಿಗೆ, ತೊಟ್ಟಿನ ಅಪಧಮನಿ ಅಭಿಧಮನಿಗಳನ್ನೇ ಕತ್ತರಿಸಿ, ದೂರದ ಗಾಯದ ಪಕ್ಕದ ನಾಳಗಳಿಗೆ ಹೊಲಿದು ಚರ್ಮವನ್ನು ಬದುಕಿಸುವುದು ಸಾಧ್ಯವಾಯಿತು.

ಇಲ್ಲಿ ಪ್ವಾಸ್ಯೆ ನಿಯಮ ಕರುಣೆಯಿಲ್ಲದ ಲೆಕ್ಕಿಗ. ಕೊಳವೆಯ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತ. 1 ಮಿ.ಮೀ. ವ್ಯಾಸದ ನಾಳ ಹೊಲಿಗೆಯಲ್ಲಿ ಅರ್ಧಕ್ಕೆ ಕುಗ್ಗಿದರೆ ಅಷ್ಟು ಭಾಗದ ಅಡೆತಡೆ ಹದಿನಾರು ಪಟ್ಟು ಆಗುತ್ತದೆ. ಹರಿವು ನಿಧಾನವಾದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಕಟ್ಟಿದರೆ ಎಲ್ಲ ಮುಗಿಯಿತು. ಆದ್ದರಿಂದ ಬಳಸುವ ದಾರ ತಲೆಗೂದಲಿಗಿಂತ ತೆಳ್ಳಗಿನದು, ಸುಮಾರು 0.02 ಮಿ.ಮೀ. ಅಂಥ ಒಂದು ನಾಳಕ್ಕೆ ಎಂಟು ಹತ್ತು ಹೊಲಿಗೆ. ಒಳಬರುವ ರಕ್ತಕ್ಕಿಂತ ಹೊರಹೋಗುವ ರಕ್ತದ ತೊಂದರೆಯೇ ಹಲವು ಬಾರಿ ಹೆಚ್ಚು. ಅಭಿಧಮನಿಯ ಗೋಡೆ ತೆಳು, ಒತ್ತಡ ಕಡಿಮೆ. ಮರುಜೋಡಿಸಿದ ಬೆರಳು ರಕ್ತ ತುಂಬಿ ನೀಲಿಯಾದರೆ ಇಂದಿಗೂ ಕೆಲವು ಆಸ್ಪತ್ರೆಗಳಲ್ಲಿ ಜಿಗಣೆ ಹಚ್ಚುತ್ತಾರೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ. ಜಿಗಣೆಯ ಉಪಯೋಗ ಸುಶ್ರುತನಿಗೂ ಗೊತ್ತಿತ್ತು, ಬೇರೆ ಕಾರಣಗಳಿಗೆ.

ಪೂರ್ತಿ ಕತ್ತರಿಸಿಹೋದ ಹೆಬ್ಬೆರಳನ್ನು ಜಪಾನಿನ ಕೊಮಾತ್ಸು ಮತ್ತು ತಮಾಯ್ 1965ರಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಜೋಡಿಸಿದರು. ಇಂದು ಇದು ದೊಡ್ಡ ಊರುಗಳಲ್ಲಿ ನಡೆಯುತ್ತದೆ. ನಮ್ಮ ಸಮಸ್ಯೆ ದೂರದ್ದು. ಶಿಗ್ಗಾವಿಯಿಂದ ಹುಬ್ಬಳ್ಳಿ ಒಂದು ಗಂಟೆಯ ದಾರಿ. ಹಿರೇಕೆರೂರಿನಿಂದ ನೂರು ಕಿ.ಮೀ.ಗೂ ಹೆಚ್ಚು. ಕಾಲವನ್ನು ಹಿಗ್ಗಿಸುವ ಉಪಾಯವೆಂದರೆ ತಂಪು. ಉಷ್ಣತೆ 10 ಡಿಗ್ರಿ ಇಳಿದಂತೆಲ್ಲ ಊತಕದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧವಾಗುತ್ತದೆ. 37ರಿಂದ 4 ಡಿಗ್ರಿಗೆ ಇಳಿಸಿದರೆ ಹತ್ತನೆಯ ಒಂದು ಪಾಲು. ಸ್ನಾಯುವಿಲ್ಲದ ಬೆರಳು ಹೀಗೆ ತಂಪಿನಲ್ಲಿ ಒಂದು ದಿನದವರೆಗೂ ತಾಳಬಲ್ಲದು; ಸ್ನಾಯು ತುಂಬಿದ ತೋಳಿಗೆ ಅಷ್ಟು ಸಹನೆಯಿಲ್ಲ. ಆದರೆ ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು. ಒಳಗೆ ಹರಳುಗಟ್ಟಿದ ನೀರು ಜೀವಕೋಶವನ್ನು ಹರಿಯುತ್ತದೆ. ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಬೇಕು. ಗೋವಿನಜೋಳದ ಸುಗ್ಗಿಯ ಮೊದಲು ಪ್ರತಿ ಪ್ರೌಢಶಾಲೆಯಲ್ಲಿ ಇದನ್ನೊಮ್ಮೆ ಹೇಳಿದರೂ ಕೆಲವು ಬೆರಳುಗಳು ಉಳಿದಾವು.

ಸೀಳುತುಟಿ ಮತ್ತು ಗ್ರಹಣ

1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯಿಂದ ಹುಬ್ಬಳ್ಳಿ, ರಾಯಚೂರಿನ ಕಡೆಗೆ ಹಾದುಹೋಯಿತು. ಆಗ ನಾನು ಶಾಲಾ ಬಾಲಕ. ಓಣಿಗಳು ಬಿಕೋ ಎನ್ನುತ್ತಿದ್ದವು; ಬಸುರಿಯರನ್ನಂತೂ ಒಳಕೋಣೆಯಿಂದ ಹೊರಬಿಡಲಿಲ್ಲ. ಗ್ರಹಣದ ಹೊತ್ತಿನಲ್ಲಿ ಬಸುರಿ ಏನನ್ನಾದರೂ ಹೆಚ್ಚಿದರೆ ಮಗುವಿಗೆ ಸೀಳುತುಟಿ ಬರುತ್ತದೆಂಬ ನಂಬಿಕೆ ಇಂದಿಗೂ ಹೋಗಿಲ್ಲ. ಗ್ರಹಣವೆಂದರೆ ಚಂದ್ರನ ನೆರಳು, ಅಷ್ಟೆ. ಆ ನೆರಳು ಭೂಮಿಯ ಯಾವುದೇ ಒಂದು ಊರನ್ನು ಪೂರ್ತಿ ಮುಚ್ಚುವುದು ಸರಾಸರಿ ಮೂರು ನಾಲ್ಕು ನೂರು ವರ್ಷಕ್ಕೊಮ್ಮೆ. ಸೀಳುತುಟಿ ಅಥವಾ ಸೀಳು ಅಂಗುಳ ಮಾತ್ರ ಜಗತ್ತಿನಾದ್ಯಂತ, ಗ್ರಹಣವಿರಲಿ ಬಿಡಲಿ, ಸುಮಾರು 700ರಿಂದ 1000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತಲೇ ಇದೆ. ಗರ್ಭದ ನಾಲ್ಕರಿಂದ ಏಳನೆಯ ವಾರದಲ್ಲಿ ಮುಖದ ಎಡ ಬಲ ನಡು ಭಾಗಗಳು ಬೆಳೆದು ಕೂಡಬೇಕು. ಕೂಡದೆ ಉಳಿದರೆ ಸೀಳು. ಎಷ್ಟೋ ತಾಯಂದಿರಿಗೆ ಆ ಹೊತ್ತಿಗೆ ತಾವು ಬಸುರಿಯೆಂಬುದೇ ಖಚಿತವಾಗಿರುವುದಿಲ್ಲ. ಕಾರಣಗಳು ಅನುವಂಶಿಕತೆ, ಫೋಲಿಕ್ ಆಮ್ಲದ ಕೊರತೆ, ತಂಬಾಕು, ಕೆಲವು ಔಷಧಗಳು ಹೀಗೆ ಹಲವು ಬೆರೆತವು. ತಾಯಿಯ ತಲೆಗೆ ದೋಷ ಕಟ್ಟುವುದು ಅನ್ಯಾಯ.

ತುಟಿಯ ಶಸ್ತ್ರಚಿಕಿತ್ಸೆ ಸುಮಾರು ಮೂರು ತಿಂಗಳಿಗೆ. ಸೀಳಿನ ಎರಡು ಅಂಚುಗಳನ್ನು ಹಾಗೆಯೇ ಹೊಲಿದರೆ ತುಟಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ಏಕೆಂದರೆ ಆ ಕಡೆಯ ಎತ್ತರವೇ ಕಡಿಮೆ. ಅಮೆರಿಕದ ರಾಲ್ಫ್ ಮಿಲಾರ್ಡ್ 1950ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಒಂದು ಭಾಗವನ್ನು ಕೆಳಕ್ಕೆ ತಿರುಗಿಸಿ, ಬಿಟ್ಟ ತೆರಪಿಗೆ ಇನ್ನೊಂದನ್ನು ಮುಂದೆ ತರುತ್ತಾರೆ. ಝಡ್ ಕೊಯ್ತದ ರೇಖಾಗಣಿತವೇ, ವಕ್ರರೇಖೆಗಳಲ್ಲಿ. ಅಂಗುಳವನ್ನು ಸಾಮಾನ್ಯವಾಗಿ ಒಂದು ವರ್ಷದ ಆಚೀಚೆ, ಮಗು ಮಾತು ಕಲಿಯುವ ಮೊದಲು ಮುಚ್ಚುತ್ತಾರೆ. ನಮ್ಮ ಭಾಗದವರಿಗೆ ಹತ್ತಿರವೆಂದರೆ ಧಾರವಾಡದ ಸತ್ತೂರಿನ ಎಸ್.ಡಿ.ಎಂ. ದಂತ ಕಾಲೇಜು ಆಸ್ಪತ್ರೆ. ಸೀಳುತುಟಿ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ತಪಾಸಣೆ ಮಾಡುವಾಗ ಗಮನಿಸಬೇಕಾದ ದೋಷಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಸೀಳುತುಟಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಬಾಯೊಳಗಿನ ಸೀಳು ಅಂಗುಳ ಬೀಳುವುದಿಲ್ಲ. ಅದನ್ನು ಕಿವಿಯಿಂದ ಹಿಡಿಯಬೇಕು, ಮತ್ತು ಒಂದನೆಯ ತರಗತಿಯ ಶಿಕ್ಷಕರಿಗಿಂತ ಇದಕ್ಕೆ ಯೋಗ್ಯರಿಲ್ಲ. ಕ, ಚ, ಟ, ತ, ಪ ವರ್ಗಗಳ ವ್ಯಂಜನಗಳನ್ನು ಉಚ್ಚರಿಸಲು ಬಾಯೊಳಗೆ ಗಾಳಿಯ ಒತ್ತಡ ಕಟ್ಟಿ ತಟ್ಟನೆ ಬಿಡಬೇಕು. ಅಂಗುಳದಲ್ಲಿ ತೂತಿದ್ದರೆ ಗಾಳಿ ಮೂಗಿಗೆ ಸೋರಿ ಒತ್ತಡ ಏರುವುದೇ ಇಲ್ಲ. ವರ್ಗೀಯ ವ್ಯಂಜನ ಇಪ್ಪತ್ತೈದರಲ್ಲಿ ಮೂಗಿನಿಂದಲೇ ಹೊರಡಬೇಕಾದ ಐದು ಅನುನಾಸಿಕಗಳು ಸರಿಯಾಗಿ ಬರುತ್ತವೆ, ಉಳಿದ ಇಪ್ಪತ್ತು ತೊದಲುತ್ತವೆ. ‘ಬಾಬಾ’ ಎಂದದ್ದು ‘ಮಾಮಾ’ ಎಂದು ಕೇಳುತ್ತದೆ. ಅನುಮಾನವಿದ್ದರೆ ಮಗುವಿನ ಮೂಗಿನ ಹೊಳ್ಳೆಯ ಕೆಳಗೆ ಸಣ್ಣ ಕನ್ನಡಿ ಹಿಡಿದು ‘ಪಪ್ಪ, ಪಪ್ಪ’ ಎಂದು ಹೇಳಿಸಿ. ಹೇಳುವಾಗ ಕನ್ನಡಿ ಮಬ್ಬಾದರೆ ಗಾಳಿ ಮೂಗಿಗೆ ಸೋರುತ್ತಿದೆ. ತಪಾಸಣಾ ತಂಡ ಬಂದ ದಿನ ಆ ಮಗುವನ್ನು ಮೊದಲು ತೋರಿಸಿ, ಬಾಯೊಳಗೆ ದೀಪ ಹಾಯಿಸಿ ಅಂಗುಳ ನೋಡಲು ಹೇಳಿ.